ಬೇಸಿಗೆಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬಹುದಾ?

ಪ್ರಶ್ನೆ (ಗದಗ-ಬೆಟಗೇರಿ, ಡಿಗ್ರಿ ವಿದ್ಯಾರ್ಥಿ)

ಸರ್, ನನ್ನ ಹತ್ತಿರ ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್ ಇದೆ. ಬಿ450 ಮದರ್‌ಬೋರ್ಡ್, 16 ಜಿಬಿ 3200 ರ‍್ಯಾಮ್, ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬಂದ ಕೂಲರ್. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡ್ತೀನಿ, ರಾತ್ರಿ ಗೇಮ್. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡ್ ಸೆಟ್ಟಿಂಗ್) ಹೋಗಿ 4.7 ಗಿಗಾಹರ್ಟ್ಸ್, 1.4 ವೋಲ್ಟ್ ಹಾಕಿ ಓವರ್‌ಕ್ಲಾಕ್ ಮಾಡಿಬಿಡು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸು ಅಂತ ಗೆಳೆಯ ಹೇಳ್ತಾನೆ. ಈಗಲೇ ಮಧ್ಯಾಹ್ನ ರೆಂಡರ್ ಹಾಕಿದರೆ 82 ಡಿಗ್ರಿ ತೋರಿಸುತ್ತದೆ. ಹಾಕಲಾ? ಸುಟ್ಟು ಹೋಗುತ್ತಾ?

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ)

ಹಾಕಬೇಡ ತಮ್ಮಾ. ತಕ್ಷಣ ಸುಡುತ್ತದೆ ಅಂತಲ್ಲ. ಲೆಕ್ಕ ಕೂಡುವುದಿಲ್ಲ.

ಚಿಪ್ ಎಷ್ಟು ಕರೆಂಟ್ ತಿಂದು ಬಿಸಿಯಾಗುತ್ತದೆ ಅನ್ನೋದು ವೇಗದ ಮೇಲೆ ನೇರವಾಗಿ ನಿಂತಿದೆ. ವೋಲ್ಟೇಜ್ ಏರಿಸಿದರೆ ಹಾಗಲ್ಲ, ಬಿಸಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎಲ್ಲ ಕೋರ್ (ಚಿಪ್ ಒಳಗಿನ ಲೆಕ್ಕ ಮಾಡುವ ಘಟಕ) ದುಡಿಯುವಾಗ ನಿನ್ನ ಚಿಪ್ 1.25 ವೋಲ್ಟ್‌ನಲ್ಲಿ 4.4 ಗಿಗಾಹರ್ಟ್ಸ್ ಓಡುತ್ತಿದೆ ಅಂತಿಟ್ಟುಕೋ. ಅದನ್ನು 1.4 ವೋಲ್ಟ್, 4.7ಕ್ಕೆ ಒಯ್ದರೆ ವೇಗ ಏರುವುದು ಶೇ. 7ರಷ್ಟು. ಬಿಸಿ ಏರುವುದು ಶೇ. 34ರಷ್ಟು! ನಿನ್ನ ಕೂಲರ್ ಬರೀ ಅಲ್ಯೂಮಿನಿಯಂ, ಬಿಸಿ ಸಾಗಿಸುವ ಹೀಟ್‌ಪೈಪ್ ಇಲ್ಲ. 65 ವ್ಯಾಟ್ ಚಿಪ್‌ಗೆ ಅಂತ ಕೊಟ್ಟದ್ದು. ಈ ಪ್ರೊಸೆಸರ್‌ಗೆ ಮೇಲಿನ ಮಿತಿ 90 ಡಿಗ್ರಿ, ನೀನು ಆಗಲೇ 82ರಲ್ಲಿ ಕೂತಿದ್ದೀಯ.

ಇನ್ನೊಂದು ವಿಷಯ. ಯಾವ ಫ್ಯಾನ್ ಕೂಲರ್ ಕೂಡ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯಲ್ಲಿ ಕೋಣೆ 24 ಡಿಗ್ರಿ ಇದ್ದಾಗ ಬರುವ ರೀಡಿಂಗ್, ಏಪ್ರಿಲ್‌ನಲ್ಲಿ ಕೋಣೆ 34 ಆದಾಗ ಹೆಚ್ಚುಕಡಿಮೆ ಹತ್ತು ಡಿಗ್ರಿ ಮೇಲೆ ಹೋಗುತ್ತದೆ. ನಮ್ಮ ಕಡೆ ಸ್ಲ್ಯಾಬ್ ಮನೆ ಬೇಸಿಗೆಯಲ್ಲಿ ಹೇಗೆ ಕಾಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಹಾಗಾಗಿ ಟೆಸ್ಟ್ ಮಾಡುವುದಿದ್ದರೆ ಮಧ್ಯಾಹ್ನ ಮೂರಕ್ಕೆ ಮಾಡು. ರಾತ್ರಿ ಹನ್ನೊಂದಕ್ಕೆ ಪಾಸ್ ಆಯ್ತು ಅಂದರೆ ಅದಕ್ಕೆ ಬೆಲೆ ಇಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ: ವೋಲ್ಟೇಜ್ ಏರಿಸುವುದು ಆಮೇಲೆ, ಮೊದಲು ಇಳಿಸುವುದನ್ನು ಕಲಿಯಿರಿ.

ನೀನು ಹೀಗೆ ಮಾಡು. ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್‌ನ ಬಾಗಿಲಿರುವ ಖಾನೆಯಲ್ಲಿ ಇಟ್ಟಿದ್ದರೆ ಹೊರಗೆ ತೆಗೆ. ರಿಪೇರಿಗೆ ಬರುವ ಎಷ್ಟೋ ‘ಹೀಟಿಂಗ್ ಪ್ರಾಬ್ಲಂ’ಗಳು ಅಲ್ಲೇ ಮುಗಿಯುತ್ತವೆ. ಧೂಳು ತೆಗೆ. ಆಮೇಲೆ ಬಯಾಸ್‌ನಲ್ಲಿ ರ‍್ಯಾಮ್ ಪ್ರೊಫೈಲ್ ಆನ್ ಇದೆಯಾ ನೋಡು. ಎಕ್ಸ್‌ಎಂಪಿ ಅಂತಲೋ ಡಿಒಸಿಪಿ ಅಂತಲೋ ಇರುತ್ತದೆ, ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್ ಅದು. ಅದು ಆಫ್ ಇದ್ದರೆ ನಿನ್ನ 3200 ರ‍್ಯಾಮ್ 2133ರ ವೇಗದಲ್ಲೋ 2400ರ ವೇಗದಲ್ಲೋ ಸುಮ್ನೆ ನಡೆಯುತ್ತಿರುತ್ತದೆ. 5600ಗೆ ಎಎಂಡಿಯೇ ಡಿಡಿಆರ್4 3200ರವರೆಗೆ ಒಪ್ಪಿದೆ. ಗೇಮ್‌ನಲ್ಲಿ ಇದರ ಲಾಭ 4.7ರ ಲಾಭಕ್ಕಿಂತ ಜಾಸ್ತಿ ಬಂದರೂ ಆಶ್ಚರ್ಯವಿಲ್ಲ.

ಇದಾದ ಮೇಲೆ ಬಯಾಸ್‌ನಲ್ಲೇ ಪಿಬಿಒ (ಎಎಂಡಿಯ ವೇಗ-ಪವರ್ ಸೆಟ್ಟಿಂಗ್) ಒಳಗೆ ಕರ್ವ್ ಆಪ್ಟಿಮೈಜರ್ ಹುಡುಕು. ಆಲ್ ಕೋರ್, ನೆಗೆಟಿವ್, 10 ಅಂತ ಹಾಕು. ಅಂದರೆ ಅದೇ ವೇಗಕ್ಕೆ ಸ್ವಲ್ಪ ಕಡಿಮೆ ವೋಲ್ಟೇಜ್. ಉಳಿದ ಜಾಗದಲ್ಲಿ ಚಿಪ್ ತಾನೇ ಮೇಲೆ ಏರುತ್ತದೆ. ಪವರ್ ಮಿತಿ ಮುಟ್ಟಬೇಡ, ಡಿಫಾಲ್ಟ್ 76 ವ್ಯಾಟ್ ಇರಲಿ. ಪ್ರೊಸೆಸರ್‌ಗೆ ಭಾರ ಹಾಕಿ ಪರೀಕ್ಷಿಸುವ ಸಿನಿಬೆಂಚ್ ಓಡಿಸು, ಪಕ್ಕದಲ್ಲಿ ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಡು. ಪಿಬಿಒ ಮುಟ್ಟಿದರೆ ವಾರಂಟಿ ಇಲ್ಲ ಅಂತ ಬಯಾಸ್ ಎಚ್ಚರಿಕೆ ತೋರಿಸುತ್ತದೆ. ಓದಿಯೇ ಒಪ್ಪು.

ಮತ್ತೆ ಪ್ರಶ್ನೆ (ಗದಗ)

ಸರ್, ಒಂದು ಡೌಟು. ಏನೂ ಮುಟ್ಟದೇ ಇದ್ದಾಗಲೂ ಎಚ್‌ಡಬ್ಲ್ಯುಇನ್ಫೋದಲ್ಲಿ 1.4 ವೋಲ್ಟ್ ಮೇಲೆ ತೋರಿಸುತ್ತದೆ. ಕಂಪನಿಯೇ ಕೊಡ್ತಿದೆ ಅಂದ ಮೇಲೆ ನಾನು ಕೊಟ್ಟರೆ ತಪ್ಪೇನು?

ಉತ್ತರ

ಒಳ್ಳೆ ಪ್ರಶ್ನೆ. ಬಹಳ ಜನ ಎಡವುವುದು ಇಲ್ಲೇ. ಬ್ರೌಸರ್ ತೆರೆದಾಗ ಒಂದೆರಡು ಕೋರ್ ಮಾತ್ರ ಕ್ಷಣ ಹೊತ್ತು ಜಿಗಿಯುತ್ತವೆ. ಆಗ ವೋಲ್ಟೇಜ್ ಜಾಸ್ತಿ, ಆದರೆ ಹರಿಯುವ ಆಂಪಿಯರ್ ಕಡಿಮೆ. ರೆಂಡರ್ ಶುರುವಾದ ಕೂಡಲೇ ಚಿಪ್ ತಾನೇ ವೋಲ್ಟೇಜ್ ಇಳಿಸುತ್ತದೆ. ನೋಡು ಬೇಕಿದ್ದರೆ. ನೀನು 1.4 ಅಂತ ಗಟ್ಟಿಯಾಗಿ ಕೂರಿಸಿದರೆ ಆರೂ ಕೋರ್ ತುಂಬಾ ದುಡಿಯುವಾಗಲೂ ಅದೇ ವೋಲ್ಟೇಜ್, ಪೂರ್ತಿ ಆಂಪಿಯರ್. ಚಿಪ್ ಸವೆಯುವುದು ಆ ಜೋಡಿಯಿಂದ.

ಪ್ರಶ್ನೆ (ಧಾರವಾಡ, ತಾಯಿ)

ನನ್ನ ಮಗನೂ ಇದೇ ಹಟ ಹಿಡಿದಿದ್ದಾನೆ. ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತದೆ, ವೋಲ್ಟೇಜ್ ಏರಿಳಿತವೂ ಇದೆ. ಅಪಾಯ ಇಲ್ವಾ?

ಉತ್ತರ

ಅಕ್ಕಾರೆ, ಗೋಡೆಯ 230 ವೋಲ್ಟ್ ನೇರವಾಗಿ ಪ್ರೊಸೆಸರ್‌ಗೆ ಹೋಗುವುದಿಲ್ಲ. ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದನ್ನು 12 ವೋಲ್ಟ್ ಮಾಡುತ್ತದೆ, ಮದರ್‌ಬೋರ್ಡ್ ಮತ್ತೆ ಸುಮಾರು ಒಂದೂಕಾಲು ವೋಲ್ಟ್‌ಗೆ ಇಳಿಸುತ್ತದೆ. ಆದ್ದರಿಂದ ಏರಿಳಿತದ ಪೆಟ್ಟು ಮೊದಲು ಬೀಳುವುದು ಎಸ್‌ಎಂಪಿಎಸ್‌ಗೆ. ಹೆಸರೇ ಇಲ್ಲದ ಅಗ್ಗದ ಎಸ್‌ಎಂಪಿಎಸ್ ಇದ್ದರೆ ಓವರ್‌ಕ್ಲಾಕ್ ಮಾತೇ ಬೇಡ ಅನ್ನಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಿದ್ದರೆ ಅರ್ಥಿಂಗ್ ಸರಿ ಇಲ್ಲ, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಟೆಸ್ಟ್ ನಡುವೆ ಕರೆಂಟ್ ಹೋದರೆ ಬಯಾಸ್ ಸೆಟ್ಟಿಂಗ್ ಅಳಿಯುವುದಿಲ್ಲ. ನಿಜವಾದ ಅಪಾಯ ಬಯಾಸ್ ಅಪ್‌ಡೇಟ್ ಮಾಡುವಾಗ. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಲು ಬಿಡಬೇಡಿ.

ಪ್ರಶ್ನೆ (ಹಾವೇರಿ)

ನನ್ನದು ಐ5 12400ಎಫ್, ಬಿ660 ಬೋರ್ಡ್. ನನಗೂ ಆಗುತ್ತಾ ಸರ್?

ಉತ್ತರ

ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್, ಜೊತೆಗೆ ಝಡ್ ಸರಣಿಯ ಬೋರ್ಡ್ ಎರಡೂ ಬೇಕು. ಅಡ್ಡದಾರಿ ಇರುವ ಬೋರ್ಡ್ ಒಂದೆರಡು ಬಂದಿದ್ದವು, ಅವು ಹೊಸಬರ ಕೆಲಸವಲ್ಲ. ನೀವೂ ರ‍್ಯಾಮ್ ಪ್ರೊಫೈಲ್ ಆನ್ ಮಾಡಿಕೊಳ್ಳಿ, ಸಾಕು.

ಗದಗದಿಂದ, ಮಾಡಿ ನೋಡಿದ ಮೇಲೆ

ಸರ್, ಟೇಬಲ್‌ನಿಂದ ಹೊರಗೆ ತೆಗೆದು ಧೂಳು ಊದಿದೆ. ನೆಗೆಟಿವ್ 10 ಚೆನ್ನಾಗಿತ್ತು, 76 ಡಿಗ್ರಿಗೆ ಬಂತು. ಆಸೆಗೆ 25 ಹಾಕಿದೆ. ಸಿನಿಬೆಂಚ್ ಪಾಸ್. ಆದರೆ ಸುಮ್ನೆ ಯೂಟ್ಯೂಬ್ ನೋಡುವಾಗ ರೀಸ್ಟಾರ್ಟ್ ಆಯ್ತು. ಭಾರದ ಕೆಲಸ ತಡೆದು ಹಗುರ ಕೆಲಸಕ್ಕೆ ಬೀಳೋದು ಹೇಗೆ?

ಉತ್ತರ

ಕರ್ವ್ ಆಪ್ಟಿಮೈಜರ್ ಸ್ವಭಾವವೇ ಹಾಗೆ. ಭಾರ ಇದ್ದಾಗ ವೇಗ ಸ್ವಲ್ಪ ಕೆಳಗಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ತನ್ನ ತುತ್ತತುದಿಗೆ ಜಿಗಿಯುತ್ತದೆ, ಅಲ್ಲಿ ವೋಲ್ಟೇಜ್ ಸಾಲದೆ ಬೀಳುತ್ತದೆ. ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಅಂತ ಎರರ್ ಬಂದಿದೆಯಾ ನೋಡು, ಬಂದಿದ್ದರೆ ಬಹುಶಃ ಇದೇ ಕಾರಣ. ವಾಪಸ್ 10ಕ್ಕೆ ಬಾ. ಎರಡು ವಾರ ದಿನದ ಕೆಲಸವನ್ನೇ ಮಾಡು. ಅದಕ್ಕಿಂತ ದೊಡ್ಡ ಟೆಸ್ಟ್ ಇಲ್ಲ. ಅಲ್ಲಿಯವರೆಗೆ ಬ್ಲೆಂಡರ್ ಫೈಲ್‌ಗಳ ಕಾಪಿ ಬೇರೆ ಡಿಸ್ಕ್‌ನಲ್ಲಿರಲಿ.

ಯಾವಾಗಲಾದರೂ ಸ್ಕ್ರೀನೇ ಬರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಬಿಲ್ಲೆ ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಹಾಕು, ಎಲ್ಲ ಡಿಫಾಲ್ಟ್‌ಗೆ ಬರುತ್ತದೆ. ಮುಂದೆ ದೊಡ್ಡ ಕೂಲರ್ ತಂದರೆ ಹಳೆಯದನ್ನು ತಣ್ಣಗಿರುವಾಗ ಜಗ್ಗಬೇಡ. ಪೇಸ್ಟ್ ಹಿಡಿದು ಪ್ರೊಸೆಸರ್ ಸಮೇತ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತು.