ಹೊಸ 27 ಇಂಚಿನ ಮಾನಿಟರ್ ಎಡಕ್ಕೆ ವಾಲಿದೆ: ದೋಷ ಸ್ಟ್ಯಾಂಡಿನದೋ, ಮೇಜಿನದೋ?

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಮೊನ್ನೆ 27 ಇಂಚಿನ ಮಾನಿಟರ್ ತರಿಸಿದೆ. ಎತ್ತರ ಹೊಂದಿಸಬಹುದಾದ, ಪರದೆಯನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಲೂ ಬರುವ ಸ್ಟ್ಯಾಂಡ್ ಇದರದು. ಚಿತ್ರ, ಬಣ್ಣ ಯಾವುದಕ್ಕೂ ಹೆಸರಿಡುವಂತಿಲ್ಲ. ಆದರೆ ಎದುರಿಗೆ ಕುಳಿತರೆ ಎಡಭಾಗ ಕೆಳಗೆ ಜಾರಿದಂತೆ ಕಾಣುತ್ತದೆ. ಕೈಯಿಂದ ಎಡಮೂಲೆಯನ್ನು ಎತ್ತಿ ಹಿಡಿದರೆ ಸರಿಯಾಗುತ್ತದೆ, ಬಿಟ್ಟರೆ ಮತ್ತೆ ಹಾಗೆಯೇ ಕೂರುತ್ತದೆ. ನನ್ನ ಕೆಲಸ ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಯಕ್ಷಗಾನದ ಕರಪತ್ರಗಳ ಪುಟವಿನ್ಯಾಸ. ದಿನವಿಡೀ ಗೆರೆ, ಚೌಕಟ್ಟುಗಳನ್ನೇ ನೋಡುವವನಿಗೆ ಪರದೆಯೇ ಸೊಟ್ಟಗಿದ್ದರೆ ಹೇಗಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಮನೆಯವರಿಗೆ ಮಾತ್ರ ಏನೂ ಕಾಣುವುದಿಲ್ಲವಂತೆ.

ಕಂಪನಿಗೆ ಫೋನ್ ಮಾಡಿದೆ. ಮಂಗಳೂರಿನಲ್ಲಿ ಅವರದೇ ಸೇವಾಕೇಂದ್ರ ಇದೆ. ಆದರೆ ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಪಿನ್‌ಕೋಡ್ 671ರಿಂದ ಆರಂಭವಾಗುವುದರಿಂದ ದೂರು ನೇರ ಕಣ್ಣೂರಿಗೆ ಹೋಯಿತು. ಅಲ್ಲಿಂದ ಮಾತನಾಡಿದವರು ಇಷ್ಟು ಓರೆ ಇರುವುದು ಸಹಜ ಎಂದರು. ಸ್ಟ್ಯಾಂಡಿನ ಕೆಳಗೆ ಎಡಗಡೆ ಏನಾದರೂ ಇಟ್ಟುಬಿಡಲೇ? ಅಥವಾ ವಾಪಸ್ ಕಳುಹಿಸಲೇ?

ಪೆರ್ಲದಿಂದ:

ಮಾರಾಯರೇ, ಕೆಳಗೆ ಏನನ್ನೂ ಇಡಬೇಡಿ, ಈಗಲೇ ಬೇಡ. ಓರೆ ಎಂದರೆ ಯಾವುದಕ್ಕೆ ಹೋಲಿಸಿದರೆ ಓರೆ ಎಂಬುದು ಮೊದಲು ಗೊತ್ತಾಗಲಿ. ನೆಲ, ಮೇಜು, ಸ್ಟ್ಯಾಂಡಿನ ಪಾದ, ಕುತ್ತಿಗೆ, ಪರದೆಯ ಹೊರಕವಚ, ಅದರೊಳಗಿನ ಗಾಜು, ಇಷ್ಟರಲ್ಲಿ ಯಾವುದು ಬೇಕಾದರೂ ತಪ್ಪಿರಬಹುದು. ಕಣ್ಣಿಗೆ ಎಲ್ಲವೂ ಒಂದೇ ತರಹ ಕಾಣುತ್ತದೆ.

ಒಂದು ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಮೇಜಿನ ಮೇಲ್ಮೈಯಿಂದ ಪರದೆಯ ಕೆಳಗಿನ ಎರಡೂ ಮೂಲೆಗಳಿಗೆ ಎಷ್ಟಿದೆ ಅಳೆಯಿರಿ. ಬಳಿಕ ಮೇಲಿನ ಎರಡು ಮೂಲೆಗಳನ್ನೂ ಅಳೆಯಿರಿ. ಮೇಲೆ ಮತ್ತು ಕೆಳಗೆ ಅಷ್ಟೇ ವ್ಯತ್ಯಾಸ ಬಂದರೆ ಇಡೀ ಪರದೆ ತಿರುಗಿದೆ ಎಂದು ಅರ್ಥ. ಕೆಳಗೆ ಮಾತ್ರ ವ್ಯತ್ಯಾಸವಿದ್ದರೆ ಕೆಳಗಿನ ಪಟ್ಟಿಯೇ ಸರಿಯಾಗಿ ಕೂತಿಲ್ಲ.

ಆಮೇಲೆ ಪರದೆಯ ತುಂಬ ಬಿಳಿ ಬಣ್ಣ ತಂದು, ಕೆಳಗಡೆ ಬೆಳಕು ಬರುವ ಭಾಗಕ್ಕೂ ಹೊರಕವಚಕ್ಕೂ ನಡುವಿನ ಕಪ್ಪು ಅಂಚನ್ನು ಅದರ ಎಡ, ಬಲ ತುದಿಗಳಲ್ಲಿ ಅಳೆಯಿರಿ. ಅದು ಎಡಕ್ಕೆ 2, ಬಲಕ್ಕೆ 4 ಮಿಲಿಮೀಟರ್ ಎಂದೇನಾದರೂ ಬಂದರೆ ಒಳಗಿನ ಗಾಜೇ ಓರೆಯಾಗಿ ಕೂತಿದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ವಾಪಸ್ ಕಳುಹಿಸುವುದೇ ದಾರಿ. ಹಳೆಯ ಪೆಟ್ಟಿಗೆಯಂಥ ಮಾನಿಟರ್‌ಗಳ ಮೆನುವಿನಲ್ಲಿ ಚಿತ್ರವನ್ನೇ ಸ್ವಲ್ಪ ತಿರುಗಿಸುವ ಸೌಲಭ್ಯ ಇರುತ್ತಿತ್ತು. ಎಲ್‌ಸಿಡಿಯಲ್ಲಿ ಚುಕ್ಕಿಗಳು ಗಾಜಿನ ಮೇಲೆಯೇ ಸ್ಥಿರವಾಗಿರುವುದರಿಂದ ಆ ಆಟ ನಡೆಯುವುದಿಲ್ಲ. ಮೆನುವಿನಲ್ಲಿ ಹುಡುಕಿ ಹೊತ್ತು ಕಳೆಯಬೇಡಿ.

ಮೊಬೈಲಿನ ಮಟ್ಟ ನೋಡುವ ಆ್ಯಪನ್ನು ಹಾಗೆಯೇ ನಂಬಬೇಡಿ. ಹಿಂಬದಿಯ ಕ್ಯಾಮೆರಾ ಉಬ್ಬಿರುವ ಫೋನನ್ನು ಮಲಗಿಸಿದರೆ ಅದು ಎಂದೂ ಮಟ್ಟಸವಾಗಿ ಕೂರುವುದಿಲ್ಲ. ಮೇಸ್ತ್ರಿಗಳ ರಸಮಟ್ಟ ಸಿಕ್ಕಿದರೆ ಒಳ್ಳೆಯದು. ಅದನ್ನೂ ಒಮ್ಮೆ ಇಟ್ಟು ನೋಡಿ, ತಲೆಕೆಳಗು ಮಾಡದೆ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಗುಳ್ಳೆ ಎರಡು ಸಲವೂ ಕೋಣೆಯ ಒಂದೇ ಬದಿಗೆ ಸರಿದರೆ ಮೇಜು ಓರೆ. ಗುಳ್ಳೆಯೂ ತಿರುಗಿಕೊಂಡು ಇನ್ನೊಂದು ಬದಿಗೆ ಹೋದರೆ ರಸಮಟ್ಟವೇ ಕೆಟ್ಟಿದೆ.

ಹೊಸೂರಿನಿಂದ:

ಪೆರ್ಲದವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೇಜಿನಿಂದ ಅಳೆದರೆ ಮೇಜಿನ ಇಳಿಜಾರು ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಮೇಜಿನ ಹಲಗೆಯೇ ನಡುವೆ ಉಬ್ಬಿದ್ದರೆ ಬರುತ್ತದೆ. ಹಾಗಾಗಿ ಮಾನಿಟರನ್ನು ಪಾದಸಹಿತ ಪೂರ್ತಿ ತಿರುಗಿಸಿ, ಪರದೆ ಗೋಡೆಯ ಕಡೆ ಇರುವಂತೆ ಅದೇ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ. ಪರದೆಯ ಅದೇ ಮೂಲೆ ತಗ್ಗಿದ್ದರೆ ದೋಷ ಮಾನಿಟರಿನದು. ಈಗ ಇನ್ನೊಂದು ಮೂಲೆ ತಗ್ಗಿದರೆ ಮೇಜಿನದು. ನಮ್ಮ ಕಾರ್ಖಾನೆಯಲ್ಲಿ ಜೋಡಣೆ ತಪಾಸಣೆಗೆ ಬಳಸುವುದೂ ಇದೇ ಉಪಾಯ, ಖರ್ಚಿಲ್ಲದ್ದು.

ಒಂದು ಅಂದಾಜು ಇರಲಿ: 27 ಇಂಚಿನ ಪರದೆಯ ಅಗಲ ಸುಮಾರು 60 ಸೆಂಟಿಮೀಟರ್. ಒಂದು ಡಿಗ್ರಿ ಓರೆಯಾದರೆ ಎರಡು ತುದಿಗಳ ಎತ್ತರದಲ್ಲಿ 1 ಸೆಂಟಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ ಬರುತ್ತದೆ. ಅಷ್ಟಿದ್ದರೆ ಮಾತೇ ಇಲ್ಲ, ವಾಪಸ್ ಮಾಡಿ.

ಬದಿಯಡ್ಕದಿಂದ:

ಅಳೆದೆ. ಕೆಳಗಿನ ಎಡಮೂಲೆ ಮೇಜಿನಿಂದ 142 ಮಿ.ಮೀ., ಬಲಮೂಲೆ 146 ಮಿ.ಮೀ. ಮೇಲಿನ ಮೂಲೆಗಳಲ್ಲಿಯೂ ಅಷ್ಟೇ ವ್ಯತ್ಯಾಸ. ಕಪ್ಪು ಅಂಚು ಎರಡೂ ಕಡೆ ಸಮ. ಹಿಂದುಮುಂದಾಗಿ ತಿರುಗಿಸಿ ಇಟ್ಟರೂ ಪರದೆಯ ಅದೇ ಮೂಲೆ ತಗ್ಗು. ಅಂದರೆ ಮಾನಿಟರಿನದೇ ದೋಷ ಎಂದಾಯಿತಲ್ಲ? ಕೇಬಲ್ ಎಳೆಯುತ್ತಿರಬಹುದು ಎಂದು ಎಲ್ಲವನ್ನೂ ಕಳಚಿ ನೋಡಿದೆ, ಏನೂ ಬದಲಾಗಲಿಲ್ಲ.

ಅಂದ ಹಾಗೆ ಮೇಜಿನ ಮೇಲೆ ರಸಮಟ್ಟ ಇಟ್ಟರೆ ಅದೂ ಎಡಕ್ಕೆ ಸ್ವಲ್ಪ ಇಳಿದಿದೆ. ಈ ಕೋಣೆ ಮೊದಲು ಜಗಲಿಯಾಗಿತ್ತು. ಗೋಡೆ ಕಟ್ಟಿ ಕೋಣೆ ಮಾಡಿದ್ದು, ತೊಳೆದ ನೀರು ಹೊರಗೆ ಹರಿಯಲೆಂದು ಕೊಟ್ಟ ಇಳಿಜಾರು ನೆಲದಲ್ಲಿ ಹಾಗೆಯೇ ಉಳಿದಿದೆ.

ಅಕ್ಕಲಕೋಟೆಯಿಂದ:

ಇಷ್ಟೆಲ್ಲ ತಲೆಬಿಸಿ ಯಾಕೆ ಸರ್? ಮೇಜಿಗೆ ಕಚ್ಚಿಸುವ ಮಾನಿಟರ್ ತೋಳು ಸಿಗುತ್ತದೆ. ಕಂಪನಿಯ ಸ್ಟ್ಯಾಂಡನ್ನು ಪೆಟ್ಟಿಗೆಗೆ ಹಾಕಿ, ತೋಳಿಗೆ ಪರದೆ ಸಿಕ್ಕಿಸಿ, ಬೇಕಾದ ಹಾಗೆ ತಿರುಗಿಸಿಕೊಳ್ಳಿ. ನಾನು ಅದನ್ನೇ ಮಾಡಿದ್ದೇನೆ, ಮೇಜಿನ ಮೇಲೆ ಜಾಗವೂ ಉಳಿಯುತ್ತದೆ.

ಹೊಸೂರಿನಿಂದ:

ತೋಳು ಒಳ್ಳೆಯದೇ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಪುಕ್ಕಟೆಯಾಗಿ ಸರಿಹೋಗುವುದಕ್ಕೆ ಸಾವಿರಾರು ರೂಪಾಯಿ ಸುರಿಯುವುದೇಕೆ? ಮೇಲಾಗಿ ತೋಳಿನ ತುದಿಯ ತಿರುಗುಕೀಲು ಕೂಡ ಬಿಗಿತದ ಮೇಲೆಯೇ ನಿಲ್ಲುವುದು. ಅದು ಸಡಿಲವಾದರೆ ಪರದೆ ಮತ್ತೆ ವಾಲುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಮೇಜಾದರೆ ಮಳೆಗಾಲದ ತೇವಕ್ಕೆ ಮೆತ್ತಗಾಗಿ, ಕಚ್ಚಿಸಿದ ಜಾಗದಲ್ಲಿ ಕುಸಿಯುವುದೂ ಉಂಟು.

ಬದಿಯಡ್ಕದ ಅಣ್ಣ, ನಿಮ್ಮ ಅಳತೆ ಚೆನ್ನಾಗಿದೆ. 4 ಮಿ.ಮೀ. ಎಂದರೆ ಅರ್ಧ ಡಿಗ್ರಿಗೂ ಕಡಿಮೆ. ಕಂಪನಿಯವರು ಸಹಜ ಎಂದು ಕೈತೊಳೆದುಕೊಂಡದ್ದು ಇದಕ್ಕೇ. ಆದರೆ ಪರದೆಯ ಕೆಳಗಿನ ಅಂಚು ಮೇಜಿಗೆ ಹತ್ತಿರ ಇರುವುದರಿಂದ ಕಣ್ಣು ಅಷ್ಟನ್ನೂ ಹಿಡಿಯುತ್ತದೆ, ನಿಮ್ಮಂಥವರ ಕಣ್ಣಂತೂ ಹಿಡಿಯದೇ ಬಿಡುವುದಿಲ್ಲ.

ಇನ್ನು ಉಳಿದಿರುವುದು ಮೂರು ಸಂಧಿಗಳು: ಪಾದ ಮತ್ತು ಕುತ್ತಿಗೆ ಸೇರುವಲ್ಲಿ ಒಂದು, ಕುತ್ತಿಗೆ ಮತ್ತು ಅದರ ತುದಿಯ ತಟ್ಟೆ ಸೇರುವಲ್ಲಿ ಇನ್ನೊಂದು, ತಟ್ಟೆ ಮತ್ತು ಪರದೆಯ ಬೆನ್ನು ಸೇರುವಲ್ಲಿ ಮೂರನೆಯದು. ಮಂಚದ ಮೇಲೆ ಮಡಚಿದ ದುಪ್ಪಟಿ ಹಾಸಿ, ವಿದ್ಯುತ್ ತಂತಿ ಕಿತ್ತು, ಪರದೆಯನ್ನು ಮುಖ ಕೆಳಗಾಗಿ ಮಲಗಿಸಿ. ಎತ್ತುವಾಗ ಗಾಜಿನ ಮೇಲೆ ಬೆರಳು ಒತ್ತಬಾರದು, ಅಂಚನ್ನೇ ಹಿಡಿಯಬೇಕು. ಸ್ಟ್ಯಾಂಡನ್ನು ಕಳಚಿ ಬರಿಯದನ್ನೇ ಮೇಜಿನ ಮೇಲೆ ನಿಲ್ಲಿಸಿ, ಕುತ್ತಿಗೆಯ ಮೇಲ್ತುದಿಯ ನಡುವಿನಿಂದ ಪಾದದ ಎಡ ಮತ್ತು ಬಲ ಅಂಚಿಗೆ ಎಷ್ಟಿದೆ ಎಂದು ಅಳೆಯಿರಿ. ಸಮ ಬಂದರೆ ಮೊದಲ ಸಂಧಿ ನಿರ್ದೋಷಿ. ಬರದಿದ್ದರೆ ಪಾದದ ಕೆಳಗಿನ ಕಿವಿಯುಳ್ಳ ಸ್ಕ್ರೂವನ್ನು ಸಡಿಲಿಸಿ, ಕುತ್ತಿಗೆಯನ್ನು ಪೂರ್ತಿ ಒಳಕ್ಕೆ ಒತ್ತಿ ಹಿಡಿದು ಮತ್ತೆ ಬಿಗಿಮಾಡಿ. ಅರ್ಧ ಕೂತ ಕುತ್ತಿಗೆಯನ್ನೇ ಬಿಗಿದು ಬಿಟ್ಟಿರುವುದು ತೀರಾ ಸಾಮಾನ್ಯ.

ಆಮೇಲೆ ತಟ್ಟೆ. ನಿಮ್ಮದು ನಾಲ್ಕು ಸ್ಕ್ರೂಗಳಿಂದ ಪರದೆಯ ಬೆನ್ನಿಗೆ ಕೂರುವಂಥದ್ದೇ? ಹಾಗಿದ್ದರೆ ಅದು ಸಾಮಾನ್ಯವಾಗಿ ವೆಸಾ (ಮಾನಿಟರ್ ಕೂರಿಸುವ ತೂತುಗಳ ಮಾನಕ) ಅಳತೆಯ 100 × 100 ಮಿ.ಮೀ. ಚೌಕ, ಎಂ4 ಸ್ಕ್ರೂ. ಸ್ಕ್ರೂ 4 ಮಿ.ಮೀ. ದಪ್ಪವಾದರೆ ತಟ್ಟೆಯ ತೂತು ಅರ್ಧ ಮಿ.ಮೀ. ಹೆಚ್ಚಿಗೆ ಇಟ್ಟಿರುತ್ತಾರೆ, ಇಲ್ಲದಿದ್ದರೆ ಜೋಡಣೆಯೇ ಆಗದು. ಆ ಅರ್ಧ ಮಿ.ಮೀ. ಆಟದಲ್ಲೇ ಪರದೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದರೆ 60 ಸೆಂಟಿಮೀಟರ್ ಅಗಲಕ್ಕೆ ಸುಮಾರು 4 ಮಿ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ನಿಮ್ಮ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತಿದೆ ನೋಡಿ. ಪರದೆ ತನ್ನ ಭಾರಕ್ಕೆ ಒಂದು ಕಡೆ ಜಾರಿದ್ದಾಗಲೇ ಯಾರೋ ಸ್ಕ್ರೂ ಬಿಗಿದಿದ್ದಾರೆ ಎಂದು ನನ್ನ ಗುಮಾನಿ.

ಮಾಡಬೇಕಾದದ್ದು ಇಷ್ಟೆ. ಪರದೆಯನ್ನು ಸ್ಟ್ಯಾಂಡಿಗೆ ಸೇರಿಸಿ ನಿಲ್ಲಿಸಿ. ಒಬ್ಬರು ಎರಡೂ ಕೈಯಲ್ಲಿ ಕೆಳಗಿನ ಅಂಚನ್ನು ಆಧರಿಸಿ ಹಿಡಿಯಲಿ, ಇದು ಒಬ್ಬರ ಕೆಲಸವಲ್ಲ. ಇನ್ನೊಬ್ಬರು ನಾಲ್ಕೂ ಸ್ಕ್ರೂಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಲಿ, ಹೊರಕ್ಕೆ ತೆಗೆಯಬಾರದು. ಎರಡೂ ಮೂಲೆಯ ಕೆಳಗೆ ಒಂದೇ ಎತ್ತರಕ್ಕೆ ಪುಸ್ತಕಗಳನ್ನು ಒಟ್ಟಿ ಪರದೆಯನ್ನು ಅದರ ಮೇಲೆ ಇಳಿಸಿ. ಈಗ ಎಡ ಮೇಲೆ, ಬಲ ಕೆಳಗೆ, ಬಲ ಮೇಲೆ, ಎಡ ಕೆಳಗೆ, ಹೀಗೆ ಮೂಲೆಯಿಂದ ಎದುರುಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ತಟ್ಟೆ ಅದರ ಸುತ್ತ ತಿರುಗಿ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಎರಡು ಎಚ್ಚರಿಕೆ. ಬೇರೆ ಉದ್ದದ ಸ್ಕ್ರೂ ಹಾಕಬೇಡಿ, ಉದ್ದ ಜಾಸ್ತಿಯಾದರೆ ಒಳಗಿನ ಭಾಗಕ್ಕೆ ಚುಚ್ಚುತ್ತದೆ. ತಟ್ಟೆಯ ಹಿಂದೆ ಕಾಗದ ಮಡಚಿ ಇಡುವ ಸಲಹೆ ಹಲವು ಕಡೆ ಕಾಣಸಿಗುತ್ತದೆ. ಅದರಿಂದ ಪರದೆ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆಯೇ ಹೊರತು ಎಡಬಲದ ಓರೆ ಕೂದಲೆಳೆಯಷ್ಟೂ ಕದಲುವುದಿಲ್ಲ.

ಪೆರ್ಲದಿಂದ:

ಸ್ಕ್ರೂಗೆ ಕೈ ಹಾಕುವ ಮೊದಲು ಸ್ಕೇಲ್ ಇಟ್ಟ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ, ಪೆಟ್ಟಿಗೆಯನ್ನೂ ಥರ್ಮಕೋಲನ್ನೂ ಎಸೆಯಬೇಡಿ. ಸ್ಕ್ರೂವಿನ ಮೇಲೆ ಮುದ್ರೆಯ ಚೀಟಿ ಅಂಟಿಸಿದ್ದರೆ ಅದನ್ನು ಮುಟ್ಟದೆ ವಾಪಸಾತಿಗೇ ಹೋಗಿ. ಮಾರಿದವರು ಜಗ್ಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವನು ದೆಹಲಿಯಲ್ಲಿದ್ದರೂ ಕಾಸರಗೋಡಿನ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. 4 ಮಿಲಿಮೀಟರಿಗಾಗಿ ಅಲ್ಲಿಯವರೆಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ.

ಬದಿಯಡ್ಕದಿಂದ:

ಹೊಸೂರಿನವರ ಗುಮಾನಿ ಸರಿ. ಕುತ್ತಿಗೆ ನೆಟ್ಟಗಿದೆ. ನಾಲ್ಕು ಸ್ಕ್ರೂಗಳಲ್ಲಿ ಕೆಳಗಿನ ಎರಡು ಬೆರಳಿನಲ್ಲೇ ತಿರುಗುವಷ್ಟು ಸಡಿಲವಿದ್ದವು, ಮೇಲಿನವು ಮಾತ್ರ ಗಟ್ಟಿ. ತೂತಿನ ಸುತ್ತ ಕಪ್ಪು ಬಣ್ಣ ಅರ್ಧಚಂದ್ರದ ಹಾಗೆ ಸವೆದು, ಸ್ಕ್ರೂವಿನ ತಲೆ ಜಾರಿದ ಗುರುತು ಸ್ಪಷ್ಟವಾಗಿತ್ತು. ತಮ್ಮ ಹಿಡಿದುಕೊಂಡ, ನಾನು ಬಿಗಿದೆ. ಈಗ ಎಡ 144, ಬಲ 145. ಪರದೆಯೂ ಮೇಜೂ ಒಂದಕ್ಕೊಂದು ಸಮಾನಾಂತರ ಎನ್ನಬಹುದು.

ಹಾಗಿದ್ದೂ ಪೂರ್ತಿ ಸಮಾಧಾನವಿಲ್ಲ. ಮಾನಿಟರಿನ ಹಿಂದೆ ಕಿಟಕಿ ಇದೆ. ಅದರ ಅಡ್ಡಸರಳುಗಳ ಜೊತೆ ನೋಡಿದರೆ ಇನ್ನೂ ಸ್ವಲ್ಪ ಓರೆ. ಪರದೆಯನ್ನು ರಸಮಟ್ಟಕ್ಕೆ ಹೊಂದಿಸಲೇ, ಮೇಜಿಗೆ ಹೊಂದಿಸಲೇ?

ಅಕ್ಕಲಕೋಟೆಯಿಂದ:

ರಸಮಟ್ಟಕ್ಕೇ. ಭೂಮಿಗೆ ಸಮ ಇದ್ದದ್ದೇ ಸಮ, ಉಳಿದದ್ದೆಲ್ಲ ಭ್ರಮೆ.

ಪೆರ್ಲದಿಂದ:

ಒಪ್ಪುವುದಿಲ್ಲ. ಕಣ್ಣಿಗೆ ಭೂಮಿ ಕಾಣುವುದಿಲ್ಲ, ಮೇಜಿನ ಅಂಚು ಕಾಣುತ್ತದೆ. ಪರದೆಯನ್ನು ರಸಮಟ್ಟಕ್ಕೆ ಕೂರಿಸಿ ಮೇಜನ್ನು ಓರೆಯಾಗಿಯೇ ಬಿಟ್ಟರೆ ಬದಿಯಡ್ಕದವರು ನಾಳೆಯೇ ಇಲ್ಲಿಗೆ ಮರಳಿ ಬರುತ್ತಾರೆ. ಪರದೆ ಮೇಜಿಗೆ ಸಮ ಇರಲಿ, ಮೇಜನ್ನು ರಸಮಟ್ಟಕ್ಕೆ ತನ್ನಿ. ಆಗ ಕಿಟಕಿಯ ಜಗಳವೂ ಮುಗಿಯುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ, ನಿಮ್ಮ ಮನೆಯಲ್ಲಿ ನೆಲ ನಿಜಕ್ಕೂ ಡೊಂಕು!

ಎಡಗಡೆಯ ಎರಡೂ ಕಾಲುಗಳ ಕೆಳಗೆ ಒಂದೇ ದಪ್ಪದ ರಬ್ಬರ್ ತುಂಡು ಕೊಡಿ. ಮಡಚಿದ ರಟ್ಟು, ಮರದ ಚಕ್ಕೆ ಬೇಡ. ನೆಲ ಒರೆಸಿದ ನೀರಿಗೆ ರಟ್ಟು ಚಪ್ಪಟೆಯಾಗುತ್ತದೆ, ನಮ್ಮ ಮಳೆಗಾಲದಲ್ಲಿ ಮರದ ಚಕ್ಕೆಗೆ ಗೆದ್ದಲು ಹಿಡಿಯಲು ಹೊತ್ತು ಬೇಡ. ನಾಲ್ಕೂ ಕಾಲು ನೆಲಕ್ಕೆ ತಾಗಿವೆಯೇ ಎಂದು ಮೇಜನ್ನು ಅಲ್ಲಾಡಿಸಿ ನೋಡಿದ ಮೇಲೆಯೇ ರಸಮಟ್ಟ ಇಡಿ.

ಬದಿಯಡ್ಕದಿಂದ:

ಹಳೆಯ ಹವಾಯಿ ಚಪ್ಪಲಿಯ ಅಡಿ ಕತ್ತರಿಸಿ ಕೊಟ್ಟೆ. ಗುಳ್ಳೆ ನಡುವೆ ನಿಂತಿತು, ಕಿಟಕಿಯ ತಕರಾರೂ ಹೋಯಿತು. ಎಲ್ಲರಿಗೂ ಧನ್ಯವಾದ. ಮಾನಿಟರ್ ಇಟ್ಟುಕೊಳ್ಳುತ್ತೇನೆ.

ತಾಳವಾಡಿಯಿಂದ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು 24 ಇಂಚಿನ ಅಗ್ಗದ ಮಾದರಿ. ಓರೆ ಇದೇ ತರಹ, ಎಡಗಡೆ ತಗ್ಗು. ಆದರೆ ಸ್ಕ್ರೂಗಳೇ ಇಲ್ಲ, ತಟ್ಟೆಯ ಮೇಲ್ಭಾಗದ ಎರಡು ಕೊಕ್ಕೆಗಳಿಗೆ ಪರದೆಯನ್ನು ತೂಗುಹಾಕಿ ಕೆಳಗೆ ಒತ್ತಿದರೆ ಟಕ್ ಎಂದು ಕೂರುತ್ತದೆ. ನಾನು ಏನನ್ನು ಬಿಗಿಯಲಿ?

ಹೊಸೂರಿನಿಂದ:

ಮೊದಲು ಕಳಚಿ, ಕೊಕ್ಕೆ ಕೂರುವ ಕುಳಿಯಲ್ಲಿ ಪ್ಯಾಕಿಂಗಿನ ಪ್ಲಾಸ್ಟಿಕ್ ಹಾಳೆಯ ಚೂರು ಸಿಕ್ಕಿಕೊಂಡಿದೆಯೇ ನೋಡಿ. ಪರದೆಯನ್ನು ಮತ್ತೆ ಸೇರಿಸಿ, ಕೆಳಗಿನ ಗುಂಡಿ (ಬಟನ್) ಟಕ್ ಎಂದು ಪೂರ್ತಿ ಹೊರಗೆ ಬರುವವರೆಗೆ ಒತ್ತಿ. ಹಾಗೂ ತಗ್ಗಿದ್ದರೆ, ಪರದೆಯ ಭಾರವೆಲ್ಲ ಆ ಎರಡು ಕೊಕ್ಕೆಗಳ ಮೇಲ್ಮೈಯಲ್ಲಿ ನಿಂತಿರುತ್ತದೆ ಎಂಬುದನ್ನು ನೆನಪಿಡಿ. ಎದುರಿನಿಂದ ನೋಡಿದಾಗ ತಗ್ಗಿದ ಬದಿಯಲ್ಲಿರುವ ಕೊಕ್ಕೆಯ ಮೇಲ್ಮೈಗೆ ವಿದ್ಯುತ್ ಕೆಲಸದವರ ಕಪ್ಪು ಟೇಪಿನ ಒಂದು ಪದರ ಅಂಟಿಸಿ. ಕೊಕ್ಕೆಗಳ ನಡುವೆ 8 ಸೆಂಟಿಮೀಟರ್ ಅಂತರವಿದ್ದರೆ ಒಂದು ಪದರಕ್ಕೆ ಪರದೆಯ ತುದಿಗಳಲ್ಲಿ ಹೆಚ್ಚುಕಡಿಮೆ 1 ಮಿ.ಮೀ. ಫರಕು ಸಿಗುತ್ತದೆ. ಟೇಪು ಒಂದೆರಡು ದಿನದಲ್ಲಿ ಅದುಮಿಕೊಳ್ಳುವುದರಿಂದ ಆಮೇಲೆ ಮತ್ತೊಮ್ಮೆ ಅಳೆದು, ಬೇಕಿದ್ದರೆ ಇನ್ನೊಂದು ಪದರ ಹಾಕಿ. ಟೇಪು ದಪ್ಪವಾಗಿ ಕೆಳಗಿನ ಗುಂಡಿ ಟಕ್ ಎನ್ನದಿದ್ದರೆ ಅಲ್ಲಿಗೇ ನಿಲ್ಲಿಸಿ, ಪದರ ಕಡಿಮೆ ಮಾಡಿ. ಆ ಗುಂಡಿ ಕಚ್ಚದೆ ಇದ್ದರೆ ಪರದೆ ಕೆಳಗೆ ಬೀಳಬಹುದು.