ಕರುಳುಗೋಡೆಯ ‘ಗಾಳಿಗುಳ್ಳೆ’ ಅಂದರೆ ಸರಿಯಾದೀತೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ನ್ಯೂಮಟೋಸಿಸ್ ಸಿಸ್ಟಾಯ್ಡಿಸ್ ಇಂಟೆಸ್ಟಿನಾಲಿಸ್’ ಎಂದಿತ್ತು. ಓದಿ ಹೇಳಿದ್ದೇ ತಡ, ಅತ್ತೆ ‘ಅಯ್ಯೋ, ನ್ಯುಮೋನಿಯಾನಾ?’ ಎಂದು ಗಾಬರಿಯಾದರು. ಪದಗಳ ಮಟ್ಟಿಗೆ ನಂಟು ಇದ್ದೇ ಇದೆ: ಗ್ರೀಕಿನಲ್ಲಿ ‘ನ್ಯೂಮ’ ಎಂದರೆ ಗಾಳಿ, ಉಸಿರು, ‘ನ್ಯುಮೋನ್’ ಎಂದರೆ ಶ್ವಾಸಕೋಶ. ಆದರೆ ಇದು ಕರುಳಿನ ಗೋಡೆಯಲ್ಲಿ ಗಾಳಿ ತುಂಬಿದ ಗುಳ್ಳೆಗಳು ಏಳುವ ಅಪರೂಪದ ತೊಂದರೆ. ಮನೆಯವರಿಗೆ ಅರ್ಥವಾಗುವಂಥ ಕನ್ನಡ ಹೆಸರೊಂದನ್ನು ಇದಕ್ಕೆ ಹುಡುಕುತ್ತಿದ್ದೇನೆ.

ನಾನು ಮೊದಲು ‘ಕರುಳಲ್ಲಿ ಗ್ಯಾಸ್’ ಎಂದುಬಿಟ್ಟೆ. ಅಲ್ಲೇ ಎಡವಟ್ಟಾಯಿತು. ‘ಅಷ್ಟೇನಾ? ಓಮದ ಕಷಾಯ ಮಾಡಿಕೊಡ್ತೀನಿ’ ಎಂದರು. ಗ್ಯಾಸ್, ಗ್ಯಾಸ್ಟ್ರಿಕ್, ವಾಯು ಎಲ್ಲವೂ ನಮ್ಮಲ್ಲಿ ಹೊಟ್ಟೆಯುಬ್ಬರಕ್ಕೇ ಅಂಟಿಕೊಂಡಿವೆ. ಕರುಳಿನೊಳಗೆ ಗಾಳಿ ಯಾರಿಗಿಲ್ಲ ಹೇಳಿ? ಇಲ್ಲಿ ಅದು ಗೋಡೆಯ ಪದರಗಳ ನಡುವೆ ಸಿಕ್ಕಿಕೊಂಡಿದೆ. ಹಾಗಾಗಿ ಹೆಸರಿನಲ್ಲಿ ‘ಗೋಡೆ’ ಬರಲೇಬೇಕು ಅನ್ನಿಸುತ್ತದೆ.

ಇನ್ನು ‘ಸಿಸ್ಟಾಯ್ಡಿಸ್’ನಲ್ಲಿರುವ ‘ಸಿಸ್ಟ್’, ಅಂದರೆ ಒಳಗೆ ಏನಾದರೂ ತುಂಬಿಕೊಂಡ ಚೀಲ. ‘ಕೋಶ’ ಎಂದರೆ ಜೀವಕೋಶ ನೆನಪಾಗುತ್ತದೆ. ‘ಗಡ್ಡೆ’ ಎಂದರೆ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. ಅಂಡಾಶಯದ ಸಿಸ್ಟಿಗೆ ‘ನೀರುಗುಳ್ಳೆ’ ಬಳಕೆಯಲ್ಲಿದೆ, ಆದರೆ ಇದರಲ್ಲಿ ನೀರೆಲ್ಲಿದೆ? ‘ಬೊಬ್ಬೆ’ ಸುಟ್ಟ ಗಾಯದ್ದು. ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಇವು ಪಾಲಿಪ್‌ನಂತೆ, ಅಂದರೆ ಕರುಳ ಒಳಪದರದ ಮೇಲೆ ಬೆಳೆಯುವ ಗಂಟಿನಂತೆ, ಕಂಡು ಮೋಸ ಮಾಡುತ್ತವೆ. ಚುಚ್ಚಿದರೆ ಗಾಳಿ ಹೋಗಿ ಚಪ್ಪಟೆಯಾಗುತ್ತವೆ. ಇಷ್ಟು ಕೇಳಿದ ಮೇಲೆ ‘ಗಾಳಿಗುಳ್ಳೆ’ಯೇ ಸರಿ ಅನ್ನಿಸಿತು. ಸೋಪಿನ ಗುಳ್ಳೆಯಂತೆ ಹಗುರವಾಗಿ ಕೇಳಿಸುತ್ತದೆ, ಅಲ್ವಾ? ಅದೊಂದೇ ಅಳುಕು.

ಕೊನೆಗೆ ‘ರೋಗ’ ಸೇರಿಸಲು ನನಗೆ ಮನಸ್ಸಿಲ್ಲ. ಕರುಳಿಗೆ ರಕ್ತ ಹೋಗುವುದು ನಿಂತಾಗಲೂ ಗೋಡೆಯಲ್ಲಿ ಗಾಳಿ ಕಾಣಬಹುದು. ಆಗ ಅದು ಜೀವಕ್ಕೇ ಅಪಾಯ, ಆಪರೇಷನ್ ತಡಮಾಡುವಂತಿಲ್ಲ. ಅಂದರೆ ಇದು ಎಷ್ಟೋ ಸಲ ಬೇರೊಂದರ ಕುರುಹು. ಅಂಥ ಕಡೆ ಗಾಳಿ ಸ್ಕ್ಯಾನಿನಲ್ಲಿ ಜಾಸ್ತಿ ಗೆರೆಯಂತೆ ಕಾಣುತ್ತದಾದ್ದರಿಂದ ‘ಗಾಳಿಗೆರೆ’ ಎಂಬ ಇನ್ನೊಂದು ಪದವೂ ಬೇಕಾದೀತು.

ಮಾವನವರದು ಅಷ್ಟು ಗಂಭೀರವಲ್ಲ. ಸಕ್ಕರೆ ಕಾಯಿಲೆಗೆ ವಾಗ್ಲಿಬೋಸ್ ನುಂಗುತ್ತಿದ್ದರು. ಆ ಮಾತ್ರೆ ಹಿಟ್ಟಿನಂಶ ಬೇಗ ಜೀರ್ಣವಾಗದಂತೆ ತಡೆಯುತ್ತದೆ. ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿ ಗ್ಯಾಸ್ ಎಬ್ಬಿಸುತ್ತವೆ. (ಅತ್ತೆಯ ‘ಗ್ಯಾಸ್’ ಪೂರ್ತಿ ತಪ್ಪೇನೂ ಆಗಿರಲಿಲ್ಲ!) ಡಾಕ್ಟರು ಆ ಮಾತ್ರೆ ನಿಲ್ಲಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಮೆಟ್ರೋನಿಡಜೋಲ್ ಕೊಟ್ಟು, ಕೆಲವು ದಿನ ಆಮ್ಲಜನಕ ಹಾಕಿದರು. ರಕ್ತದಲ್ಲಿ ಆಮ್ಲಜನಕ ಏರಿದರೆ ಗುಳ್ಳೆಯೊಳಗಿನ ಬೇರೆ ಅನಿಲಗಳು ಮೆಲ್ಲಗೆ ರಕ್ತಕ್ಕೆ ಸೇರಿಹೋಗುತ್ತವಂತೆ. ಇದಕ್ಕೆ ಕ್ರಿಯಾಪದ ಯಾವುದು? ‘ಒಡೆಯಿತು’ ಎಂದರೆ ಕರುಳೇ ತೂತಾದಂತೆ. ‘ಕರಗಿತು’ ಗಡ್ಡೆಗೆ ಸರಿ. ‘ಬಾವು ಇಳಿಯಿತು’ ಎನ್ನುವ ಹಾಗೆ ‘ಗುಳ್ಳೆ ಇಳಿಯಿತು’ ಅನ್ನಬಹುದೇ?

ಇನ್ನೊಂದು ಕುತೂಹಲ. ಹಂದಿಯ ಕರುಳಲ್ಲೂ ಇಂಥವೇ ಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುವುದುಂಟು. ಕೊಡಗು, ಮಲೆನಾಡಿನ ಕಡೆ ಹಂದಿ ಹಸನು ಮಾಡಿ ಗೊತ್ತಿರುವವರು ಈ ಬಳಗದಲ್ಲಿ ಇದ್ದೀರಲ್ಲ, ನಿಮ್ಮಲ್ಲಿ ಅದಕ್ಕೊಂದು ಹೆಸರಿದೆಯೇ?