ದೋಸೆ ಒಲೆ ಮುಂದೆ ನಿಂತರೆ ನಡ ಯಾಕೆ ಹಿಡಿಯುತ್ತೆ?

ಪ್ರಶ್ನೆ: ದಾವಣಗೆರೆಯಾಗ ಬೆಣ್ಣೆ ದೋಸೆ ಹಾಕೋ ಕೆಲಸ ರೀ. ಬೆಳಗ್ಗೆ 6ರಿಂದ 12ರ ತನಕ ಸೌದೆ ಒಲೆ ಮುಂದೆ ನಿಂತಿರಬೇಕು. ಕಾವಲಿ ನೆಲದಿಂದ 75 ಸೆಂ.ಮೀ., ನನ್ನ ಮೊಣಕೈ 105. ಹಿಟ್ಟಿನ ಬಕೆಟ್ ಎಡಕ್ಕೆ ನೆಲದ ಮೇಲೈತಿ. ಹನ್ನೊಂದರ ಹೊತ್ತಿಗೆ ನಡ ಹಿಡಕೊಂಡು ನೆಟ್ಟಗಾಗಾಕ ಬರಲ್ಲ. ಕಾಲಿಗೆ ನೋವಿಲ್ಲ. ಬೆಲ್ಟ್ ಹಾಕ್ಲೋ, ಎರಡು ದಿನ ಮಲಗ್ಲೋ?

ಉತ್ತರ (ಫಿಸಿಯೋಥೆರಪಿಸ್ಟ್): ಅಳತೆ ಕೊಟ್ಟಿದ್ದು ಬಹಳ ಒಳ್ಳೇದಾಯ್ತು ಅಣ್ಣಾ. ನಿಂತು ಮಾಡೋ ಹಗುರ ಕೆಲಸ ಮೊಣಕೈಗಿಂತ 10–15 ಸೆಂ.ಮೀ. ಕೆಳಗಿರಬೇಕು. ನಿಮ್ಮದು 30 ಕೆಳಗಿದೆ, ಅದಕ್ಕೇ ಆರು ತಾಸು ಅರ್ಧ ಬಾಗಿ ನಿಲ್ತೀರಿ. ಅರ್ಧ ಬಾಗಿದಾಗ ತಲೆ, ಎದೆ, ಕೈಗಳ ಭಾರವನ್ನೆಲ್ಲ ಬೆನ್ನುಮೂಳೆಯ ಅಕ್ಕಪಕ್ಕದ ಸ್ನಾಯುಗಳೇ ಹಿಡಿದಿರ್ತಾವೆ. ಬಿಗಿದೇ ಇರೋ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯಲ್ಲ, ದಣಿದು ಸೆಟೆದುಕೊಳ್ಳುತ್ತೆ.

ಇವತ್ತೇ ಬಕೆಟ್ ಎತ್ತಿಡಿ. ಬಾಗಿ ತಿರುಗೋದು ನಡಕ್ಕೆ ಕೆಟ್ಟದ್ದು, ನೀವು ಸೌಟು ಅದ್ದಿದಾಗಲೆಲ್ಲ ಅದನ್ನೇ ಮಾಡ್ತಿದ್ದೀರಿ. ಕಾವಲಿ ಮಟ್ಟದ ಸ್ಟೂಲ್ ಮೇಲೆ, ಕೈಗೆ ಹತ್ತಿರ ಇರಲಿ. ತಿರುಗೋವಾಗ ಪಾದಾನೂ ತಿರುಗಲಿ. 10–15 ಸೆಂ.ಮೀ. ಎತ್ತರದ ಮಣೆ ಮೇಲೆ ಒಂದು ಕಾಲಿಟ್ಟು ನಿಂತು, ಆಗಾಗ ಕಾಲು ಬದಲಿಸಿ. ಅರ್ಧ ತಾಸಿಗೊಮ್ಮೆ ಕೈ ನಡಕ್ಕಿಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿ, ಐದು ಸಲ.

ಬಾಗೋದನ್ನ ಮನೇಲಿ ಕೋಲು ಹಿಡಿದು ಕಲೀರಿ. ಕೋಲು ಹಿಂದಲೆ, ಮೇಲ್ಬೆನ್ನು, ಕುಂಡಿ ಮೂರಕ್ಕೂ ತಾಗಿರಬೇಕು. ಮಂಡಿ ಸಡಿಲ ಬಿಟ್ಟು, ಕುಂಡಿ ಹಿಂದಕ್ಕೆ ತಳ್ಳುತ್ತಾ ಬಾಗಿ. ಒಂದು ಕಡೆ ಕೋಲು ಬಿಡ್ತು ಅಂದ್ರೆ ನಡ ಗೂನಾಯ್ತು. ದಿನಾ 10 ಸಲ.

ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು (ಬೆನ್ನುಮೂಳೆಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರ್ತಾವೆ, ಆಗ ಬಾಗಿದ್ರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಎದ್ದ ಕೂಡಲೇ ಹಿಟ್ಟಿನ ಡ್ರಮ್ ಎತ್ತಬೇಡಿ, ಅರ್ಧ–ಒಂದು ತಾಸು ಓಡಾಡಿ ಆಮೇಲೆ.

ಬೆಲ್ಟ್ ಬೇಡ, ಒಲೆ ತಗ್ಗಲ್ಲಿರೋವರೆಗೆ ಅದರಿಂದ ಉಪಯೋಗ ಕಡಿಮೆ. ಮಲಗಿದ್ರೆ ಇನ್ನೂ ಬಿಗಿಯುತ್ತೆ, ನಡೆದಾಡಿ. ಕಾಲು ಜೋಮು, ಪಾದದ ಶಕ್ತಿ ಕುಂದೋದು ಕಂಡ್ರೆ ಬೇಗ ಡಾಕ್ಟರಿಗೆ ತೋರಿಸಿ. ತೊಡೆಸಂದು ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಮೂತ್ರದ ಹಿಡಿತ ತಪ್ಪಿದ್ರೆ ಅದೇ ತಾಸಿಗೆ ಆಸ್ಪತ್ರೆಗೆ ಹೋಗಿ.

ಉತ್ತರ (ಒಲೆ ಕಟ್ಟೋ ಮೇಸ್ತ್ರಿ): ಕಾವಲಿ ಅಷ್ಟೇ ಎತ್ತಿಸಬ್ಯಾಡ್ರಿ, ಬೆಂಕಿ ದೂರಾಗಿ ಕಾವು ಸಾಲಲ್ಲ. ಒಲೆ ತಳಾನೇ ಎರಡು ವರಸೆ ಇಟ್ಟಿಗೆ ಎತ್ತಿಸ್ರಿ. ಗಾರೆ ಸೇರಿ ಸುಮಾರು 17 ಸೆಂ.ಮೀ. ಬರ್ತೈತಿ.

ಪ್ರಶ್ನೆ: ಸಂಜೆ ನಿಲ್ಲೋ ಹುಡುಗ ನನಗಿಂತ ಕುಳ್ಳ ಅದಾನ್ರಿ.

ಉತ್ತರ (ಫಿಸಿಯೋಥೆರಪಿಸ್ಟ್): 75ಕ್ಕೆ 17 ಸೇರಿ 92 ಆಯ್ತಲ್ಲ, ಮೊಣಕೈಗಿಂತ 13 ಕೆಳಗೆ, ನಿಮಗೆ ಸರಿ. ಎತ್ತರದವರ ಅಳತೆಗೇ ಕಟ್ಟಿಸಿ. ಆ ಹುಡುಗನ ಕಾಲಡಿ ಅಲುಗಾಡದ ಅಗಲ ಹಲಗೆ ಹಾಕಬಹುದು, ನಿಮಗಾಗಿ ನೆಲ ಅಗೆಯೋಕಾಗಲ್ಲ.